ಪ್ರಾಸ್ಟೇಟ್ ಅರ್ಬುದ ಮತ್ತು ರಕ್ತ ಪರೀಕ್ಷೆ: ಅಂಕಿಯೊಂದನ್ನು ಓದುವ ಬಗೆ

ಊರಿನಲ್ಲಿ ಮಾಷ್ಟ್ರೆಂದರೆ ಪಾಠ ಹೇಳುವವರು ಮಾತ್ರವಲ್ಲ, ಕಾಗದ ಓದಿ ಹೇಳುವವರೂ ಹೌದು. ವಿಲೇಜ್ ಆಫೀಸಿನಿಂದ ಮಲಯಾಳದಲ್ಲಿ ಬಂದ ನೋಟೀಸು, ಬ್ಯಾಂಕಿನ ಪತ್ರ, ಆಸ್ಪತ್ರೆಯಿಂದ ಇಂಗ್ಲಿಷಿನಲ್ಲಿ ಬಂದ ರಿಪೋರ್ಟು, ಎಲ್ಲವೂ ಕನ್ನಡದಲ್ಲಿ ಅರ್ಥ ಹೇಳಿಸಿಕೊಳ್ಳಲು ನಮ್ಮ ಜಗಲಿಗೆ ಬರುತ್ತವೆ. ಓದಿ ಹೇಳುವುದು ನಮಗೂ ಸಂತೋಷದ ಕೆಲಸವೇ. ಆದರೆ ಓದಲು ಬಂದ ಮಾತ್ರಕ್ಕೆ ಅರ್ಥವೂ ತಿಳಿದಂತಾಗಲಿಲ್ಲ ಎಂಬ ಪಾಠವನ್ನು ನಾವು ಕೆಲವು ವರ್ಷಗಳ ಹಿಂದೆ ಕಲಿಯಬೇಕಾಯಿತು.

ಅಂದು ಸಂಜೆ ನೆರೆಯ ಹಿರಿಯರೊಬ್ಬರು ಒಂದು ರಿಪೋರ್ಟು ಹಿಡಿದು ಬಂದರು. ಅಡಿಕೆ ತೋಟದ ಕೃಷಿಕರು, ಅರುವತ್ತಾರು ವರ್ಷ ಪ್ರಾಯ. ಮೂತ್ರದ ತೊಂದರೆಗಾಗಿ ಮೂರು ವರ್ಷಗಳಿಂದ ಗುಳಿಗೆ ತಿನ್ನುತ್ತಿದ್ದವರು. "ಮಾಷ್ಟ್ರೇ, ಇದರಲ್ಲಿ ಎಂತ ಬರೆದಿದ್ದಾರೆ, ಒಮ್ಮೆ ನೋಡಿ ಹೇಳಿ" ಎಂದರು. ಪಿ.ಎಸ್.ಎ. ಎಂಬ ರಕ್ತ ಪರೀಕ್ಷೆ. ಅಂಕಿ 3.8. ಪಕ್ಕದಲ್ಲಿ "0ಯಿಂದ 4" ಎಂದು ಮುದ್ರಿಸಿತ್ತು. ಮಿತಿ ಮೀರಿದರೆ ಹಾಕುವ ನಕ್ಷತ್ರದ ಗುರುತು ಇರಲಿಲ್ಲ. "ಎಲ್ಲ ಸರಿ ಉಂಟು ಮಾವ, ನಾಲ್ಕರ ಒಳಗೇ ಇದೆ" ಎಂದೆವು. ಅವರು ಕಾಫಿ ಕುಡಿದು, ನಿಶ್ಚಿಂತೆಯಿಂದ ಮನೆಗೆ ಹೋದರು. ಸರಿ ಇದೆಯೆಂದ ಮೇಲೆ ಡಾಕ್ಟರಿಗೆ ತೋರಿಸಲು ಮತ್ತೆ ಬಸ್ಸು ಹತ್ತುವುದೇಕೆ ಎಂದು ರಿಪೋರ್ಟನ್ನು ಕಪಾಟಿನಲ್ಲಿಟ್ಟರು.

ಎರಡು ವರ್ಷ ಕಳೆದ ಮೇಲೆ ಅವರಿಗೆ ಸೊಂಟನೋವು ಬಂತು. ತೋಟದ ಕೆಲಸದಿಂದ ಬಂದ ನೋವೆಂದು ಎಣ್ಣೆ ಹಚ್ಚಿದರು, ಕಷಾಯ ಕುಡಿದರು. ನೋವು ಇಳಿಯದೆ ದೊಡ್ಡ ಆಸ್ಪತ್ರೆಗೆ ಹೋದಾಗ ಅದೇ ಅಂಕಿ 46 ಆಗಿತ್ತು. ಪ್ರಾಸ್ಟೇಟ್ ಗ್ರಂಥಿಯ ಅರ್ಬುದವು ಎಲುಬಿಗೆ ಹಬ್ಬಿತ್ತು. ಹಳೆಯ ರಿಪೋರ್ಟನ್ನೂ ಗುಳಿಗೆಯ ಸ್ಟ್ರಿಪ್ಪನ್ನೂ ಒಟ್ಟಿಗೆ ನೋಡಿದ ಡಾಕ್ಟರು, "ಈ ಗುಳಿಗೆ ತಿನ್ನುವವರ ಅಂಕಿಯನ್ನು ಎರಡರಿಂದ ಗುಣಿಸಿ ಓದಬೇಕಿತ್ತು" ಎಂದರು. ಎಂದರೆ ಆಗಲೇ ಅದು 3.8 ಅಲ್ಲ, ಏಳೂವರೆಯ ಮೇಲೆ.

ಆಗಲೇ ಡಾಕ್ಟರನ್ನು ಕಂಡಿದ್ದರೆ ರೋಗ ಪೂರ್ತಿ ಗುಣವಾಗುತ್ತಿತ್ತೇ ಎಂದು ಯಾರೂ ಖಂಡಿತವಾಗಿ ಹೇಳಲಾರರು. ಆದರೆ ಒಂದು ಅವಕಾಶ ತಪ್ಪಿತು, ತಪ್ಪಿಸಿದ್ದರಲ್ಲಿ ನಮ್ಮ ಪಾಲೂ ಇದೆ. "ನಿಮ್ಮದೇನೂ ತಪ್ಪಿಲ್ಲ ಮಾಷ್ಟ್ರೇ" ಎಂದು ಆ ಹಿರಿಯರು ಈಗಲೂ ಹೇಳುತ್ತಾರೆ. ಆ ಮಾತನ್ನು ಒಪ್ಪಲಾಗದೆ, ಬಲ್ಲ ವೈದ್ಯರಿಂದ ಕೇಳಿಯೂ ಓದಿಯೂ ತಿಳಿದುಕೊಂಡದ್ದನ್ನು ವಾಚಕರ ಮುಂದಿಡುತ್ತಿದ್ದೇವೆ.

ಗ್ರಂಥಿಯ ಪರಿಚಯ

ಪ್ರಾಸ್ಟೇಟ್ ಎಂಬುದು ಗಂಡಸರಿಗೆ ಮಾತ್ರ ಇರುವ ಗ್ರಂಥಿ. ಗ್ರೀಕ್ ಮೂಲದಲ್ಲಿ ಆ ಶಬ್ದಕ್ಕೆ "ಮುಂದೆ ನಿಂತಿರುವುದು" ಎಂದರ್ಥ. ಮೂತ್ರಕೋಶದ ಕೆಳಗೆ, ಗುದದ್ವಾರದ ಒಳಭಾಗಕ್ಕೆ ಒತ್ತಿಕೊಂಡು, ಮೂತ್ರನಾಳವನ್ನು ಸುತ್ತುವರಿದು ಅದು ಕುಳಿತಿದೆ. ಪ್ರಾಯದವರಲ್ಲಿ ಅದರ ತೂಕ ಸುಮಾರು 20 ಗ್ರಾಂ. ನಮ್ಮ ಕಡೆಯವರಿಗೆ ತಿಳಿಯುವಂತೆ ಹೇಳುವುದಾದರೆ, ಸಣ್ಣದೊಂದು ಹಣ್ಣಡಿಕೆ, ಅದರ ನಡುವೆ ಹಾದುಹೋಗುವ ಒಂದು ಕೊಳವೆ. ವೀರ್ಯದ ದ್ರವದಲ್ಲಿ ಒಂದು ಪಾಲನ್ನು ತಯಾರಿಸುವುದು ಅದರ ಕೆಲಸ.

ವಯಸ್ಸಾದಂತೆ ಈ ಗ್ರಂಥಿಗೆ ಎರಡು ಬೇರೆ ಬೇರೆ ಕಾಯಿಲೆಗಳು ಬರಬಹುದು. ಇವೆರಡನ್ನು ಬೆರೆಸುವುದರಿಂದಲೇ ಅರ್ಧ ಗೊಂದಲ ಹುಟ್ಟುತ್ತದೆ. ಒಂದು, ಬರಿಯ ಊತ. ಇದು ಮೂತ್ರನಾಳದ ಸುತ್ತಲಿನ ಒಳಭಾಗದಲ್ಲಿ ಬೆಳೆಯುವುದರಿಂದ ನಾಳವನ್ನು ಒತ್ತುತ್ತದೆ. ರಾತ್ರಿ ನಾಲ್ಕೈದು ಸಲ ಏಳುವುದು, ಮೂತ್ರದ ಧಾರೆ ಸಣ್ಣಗಾಗುವುದು, ಹೋಗಿ ಬಂದರೂ ಬಾಕಿ ಉಳಿದಂತೆ ಅನಿಸುವುದು ಬಹುಮಟ್ಟಿಗೆ ಈ ಊತದ ಲಕ್ಷಣಗಳು. ಇದು ಅರ್ಬುದವಲ್ಲ, ಅರ್ಬುದವಾಗಿ ಮಾರ್ಪಡುವುದೂ ಇಲ್ಲ. ಇನ್ನೊಂದು, ಅರ್ಬುದ. ಇದು ಸಾಮಾನ್ಯವಾಗಿ ಗ್ರಂಥಿಯ ಹೊರಪದರದಲ್ಲಿ, ಅಡಿಕೆಯ ಸಿಪ್ಪೆಯ ಭಾಗದಲ್ಲಿ ಎಂದು ಹೇಳೋಣ, ಹುಟ್ಟುತ್ತದೆ. ನಾಳಕ್ಕೆ ದೂರವಾದ್ದರಿಂದ ಮೊದಮೊದಲು ಯಾವ ತೊಂದರೆಯನ್ನೂ ಕೊಡುವುದಿಲ್ಲ. ಲಕ್ಷಣ ಕಾಣಿಸುವ ಹೊತ್ತಿಗೆ ಕೆಲವೊಮ್ಮೆ ಅದು ಎಲುಬಿನವರೆಗೆ ಹೋಗಿರುತ್ತದೆ. ಒಬ್ಬರಲ್ಲೇ ಎರಡೂ ಇರಬಹುದು ಎಂಬುದನ್ನೂ ನೆನಪಿಡಬೇಕು.

ಸುಳಿವು ಕೊಡದೆ ಬರುವ ಇಂಥ ರೋಗವನ್ನು ಬೇಗ ಕಂಡುಹಿಡಿಯುವುದು ಹೇಗೆ? ಈ ಪ್ರಶ್ನೆಗೆ ಉತ್ತರವಾಗಿ ರಕ್ತ ಪರೀಕ್ಷೆ ಬಂತು.

ಪರೀಕ್ಷೆ ಬೆಳೆದು ಬಂದ ದಾರಿ

ಅಮೆರಿಕದಲ್ಲಿ ಗುಟ್ಮನ್ ದಂಪತಿಗಳು 1938ರಲ್ಲಿ ಒಂದು ಸಂಗತಿಯನ್ನು ಪ್ರಕಟಿಸಿದರು. ಪ್ರಾಸ್ಟೇಟ್ ಅರ್ಬುದ ಎಲುಬಿಗೆ ಹಬ್ಬಿದವರ ರಕ್ತದಲ್ಲಿ ಆಸಿಡ್ ಫಾಸ್ಫಟೇಸ್ ಎಂಬ ಕಿಣ್ವ ಹೆಚ್ಚಿರುತ್ತದೆ ಎಂಬುದೇ ಅದು. 1941ರಲ್ಲಿ ಚಾರ್ಲ್ಸ್ ಹಗಿನ್ಸ್ ಎಂಬವರು, ಗಂಡು ಹಾರ್ಮೋನನ್ನು ತಗ್ಗಿಸಿದರೆ ಈ ಅರ್ಬುದ ಕುಗ್ಗುತ್ತದೆಂದು ತೋರಿಸಿದಾಗ, ಚಿಕಿತ್ಸೆಯ ಪ್ರಭಾವವನ್ನು ಅಳೆಯಲು ಇದೇ ಕಿಣ್ವದ ಪರೀಕ್ಷೆ ಸಹಾಯವಾಯಿತು. ಆ ಶೋಧಕ್ಕಾಗಿ ಹಗಿನ್ಸ್ ಅವರಿಗೆ 1966ರಲ್ಲಿ ನೊಬೆಲ್ ಬಹುಮಾನ ದೊರೆಯಿತು. ಆದರೆ ಆ ಕಿಣ್ವ ಹೆಚ್ಚಾಗಿ ಏರುತ್ತಿದ್ದುದು ರೋಗ ಹಬ್ಬಿದ ಮೇಲೆ. ಮನೆಗೆ ಬೆಂಕಿ ಹತ್ತಿದ ಮೇಲೆ ಹೊಗೆ ಕಂಡಂತೆ.

ಬಫಲೋ ನಗರದ ರೋಸ್‌ವೆಲ್ ಪಾರ್ಕ್ ಸಂಸ್ಥೆಯಲ್ಲಿ ವಾಂಗ್, ಚೂ ಮತ್ತು ಅವರ ಸಂಗಡಿಗರು 1979ರಲ್ಲಿ ಈ ಗ್ರಂಥಿಗೆ ವಿಶಿಷ್ಟವಾದ ಒಂದು ಪ್ರೋಟೀನನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದರು. ಅದೇ ಪ್ರಾಸ್ಟೇಟ್ ಸ್ಪೆಸಿಫಿಕ್ ಆಂಟಿಜನ್, ಚಿಕ್ಕದಾಗಿ ಪಿ.ಎಸ್.ಎ. ವೀರ್ಯವನ್ನು ತೆಳುವಾಗಿಸುವುದು ಇದರ ಸಹಜ ಕೆಲಸ. ತೀರ ಅಲ್ಪ ಪ್ರಮಾಣದಲ್ಲಿ ಇದು ರಕ್ತಕ್ಕೂ ಜಿನುಗುತ್ತದೆ. ಗ್ರಂಥಿಯ ಒಳರಚನೆ ಕೆಟ್ಟಾಗ ಹೆಚ್ಚು ಜಿನುಗುತ್ತದೆ. ಒಂದು ಮಿಲಿಲೀಟರ್ ರಕ್ತದಲ್ಲಿ ಎಷ್ಟು ನ್ಯಾನೋಗ್ರಾಂ ಇದೆಯೆಂದು ಅಳೆಯುತ್ತಾರೆ. ನ್ಯಾನೋಗ್ರಾಂ ಎಂದರೆ ಒಂದು ಗ್ರಾಮಿನ ನೂರು ಕೋಟಿಯಲ್ಲಿ ಒಂದು ಪಾಲು.

ಅಮೆರಿಕ ಸರಕಾರ 1986ರಲ್ಲಿ ಈ ಪರೀಕ್ಷೆಗೆ ಒಪ್ಪಿಗೆ ಕೊಟ್ಟದ್ದು ರೋಗ ಪತ್ತೆಗಾಗಿ ಅಲ್ಲ, ಈಗಾಗಲೇ ರೋಗವಿದೆಯೆಂದು ತಿಳಿದವರ ಚಿಕಿತ್ಸೆಯ ಮೇಲೆ ಕಣ್ಣಿಡುವುದಕ್ಕಾಗಿ. ಆ ಕೆಲಸಕ್ಕೆ ಅದು ಇಂದಿಗೂ ಬಹಳ ನಂಬಿಕೆಯದು. ಶಸ್ತ್ರಕ್ರಿಯೆಯಿಂದ ಗ್ರಂಥಿಯನ್ನು ಪೂರ್ತಿ ತೆಗೆದ ಮೇಲೆ ಅಂಕಿ ಅಳತೆಗೆ ಸಿಗದಷ್ಟು ಇಳಿಯಬೇಕು. ಮತ್ತೆ ಏರಿದರೆ ರೋಗ ಮರಳುತ್ತಿದೆ ಎಂಬ ಸೂಚನೆ. 1991ರಲ್ಲಿ ವಿಲಿಯಂ ಕ್ಯಾಟಲೋನಾ ಮತ್ತು ಸಂಗಡಿಗರು ಇದನ್ನು ರೋಗ ಪತ್ತೆಗೂ ಬಳಸಬಹುದೆಂದು ತೋರಿಸಿದರು. 1994ರಲ್ಲಿ, ಐವತ್ತು ದಾಟಿದವರಿಗೆ, ವೈದ್ಯರ ಬೆರಳಿನ ಪರೀಕ್ಷೆಯೊಂದಿಗೆ, ರೋಗ ಪತ್ತೆಗೆ ಸಹಾಯಕವಾಗಿ ಬಳಸಲು ಒಪ್ಪಿಗೆ ಬಂತು. "ಸಹಾಯಕವಾಗಿ" ಎಂಬ ಶಬ್ದವನ್ನು ವಾಚಕರು ಗಮನಿಸಬೇಕು.

ಏರಿದ್ದೆಲ್ಲ ಅರ್ಬುದವಲ್ಲ

ಈ ಪ್ರೋಟೀನು ಗ್ರಂಥಿಗೆ ವಿಶಿಷ್ಟವೇ ಹೊರತು ಅರ್ಬುದಕ್ಕೆ ವಿಶಿಷ್ಟವಲ್ಲ. ಗ್ರಂಥಿ ಊದಿಕೊಂಡರೂ ಅಂಕಿ ಏರುತ್ತದೆ, ಸೋಂಕು ತಗಲಿದರೂ ಏರುತ್ತದೆ. ಮೂತ್ರ ಕಟ್ಟಿಕೊಂಡರೆ, ಮೂತ್ರದ ಟ್ಯೂಬ್ ಹಾಕಿದ್ದರೆ, ಇತ್ತೀಚೆಗೆ ಗ್ರಂಥಿಯ ಚೂರು ತೆಗೆದು ಪರೀಕ್ಷಿಸಿದ್ದರೆ ಏರುತ್ತದೆ. ಹಿಂದಿನ ಒಂದೆರಡು ದಿನಗಳಲ್ಲಿ ವೀರ್ಯಸ್ಖಲನವಾಗಿದ್ದರೆ, ದೂರ ಸೈಕಲ್ ತುಳಿದಿದ್ದರೆ ಸಹ ಸ್ವಲ್ಪ ಏರಬಹುದು. ಅಂಕಿ 4ರಿಂದ 10ರ ನಡುವೆ ಇದ್ದು ಚೂರು ಪರೀಕ್ಷೆ ಮಾಡಿಸಿಕೊಂಡವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಮಾತ್ರ ಅರ್ಬುದ ಕಂಡುಬರುತ್ತದೆ.

ನಮ್ಮ ಊರಿನ ಇನ್ನೊಬ್ಬ ಹಿರಿಯರ ಕಥೆ ಇದಕ್ಕೆ ನಿದರ್ಶನ. ಮಳೆಗಾಲದ ಒಂದು ರಾತ್ರಿ ಅವರಿಗೆ ಜ್ವರ ಬಂದು ಮೂತ್ರ ಕಟ್ಟಿತು. ಆಸ್ಪತ್ರೆಯಲ್ಲಿ ಟ್ಯೂಬ್ ಹಾಕಿದರು, ಮರುದಿನ ತೆಗೆದ ರಕ್ತದಲ್ಲಿ ಅಂಕಿ 14 ಬಂತು. ರಿಪೋರ್ಟಿನ ನಕ್ಷತ್ರ ನೋಡಿದ್ದೇ ತಡ, ಮನೆಯಲ್ಲಿ ಅಳು ಎದ್ದಿತು. ಅವರು ಆಸ್ತಿಯ ಪಾಲುಪಟ್ಟಿಯ ಮಾತೆತ್ತಿದರು. ಡಾಕ್ಟರು ಸೋಂಕಿಗೆ ಮದ್ದು ಕೊಟ್ಟು, ಎರಡು ತಿಂಗಳ ನಂತರ ಪುನಃ ಪರೀಕ್ಷಿಸಲು ಮೊದಲೇ ಹೇಳಿದ್ದರು. ಹೇಳಿದ್ದು ಮಲಯಾಳದಲ್ಲಿ, ಭಯದಲ್ಲಿದ್ದ ಮನೆಯವರಿಗೆ ಅದರ ಅರ್ಧವೂ ತಲೆಗೆ ಹೋಗಿರಲಿಲ್ಲ. ಮತ್ತೆ ಪರೀಕ್ಷಿಸಿದಾಗ ಅಂಕಿ 2.9. ಸೋಂಕು ಇಳಿದ ಮೇಲೂ ಅಂಕಿ ತನ್ನ ಮಟ್ಟಕ್ಕೆ ಬರಲು ಆರರಿಂದ ಎಂಟು ವಾರ ಬೇಕು ಎಂದು ತಿಳಿದಿದ್ದರೆ, ಆ ಎರಡು ತಿಂಗಳು ಆ ಮನೆಯಲ್ಲಿ ಸೂತಕದ ಕಳೆ ಇರಬೇಕಾಗಿರಲಿಲ್ಲ.

ವಯಸ್ಸನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ಓಸ್ಟರ್ಲಿಂಗ್ ಎಂಬ ಅಮೆರಿಕದ ವೈದ್ಯರು ಸಂಗಡಿಗರೊಡನೆ 1993ರಲ್ಲಿ ಪ್ರಕಟಿಸಿದ ಪಟ್ಟಿಯಂತೆ ನಲುವತ್ತರ ದಶಕದವರಿಗೆ 2.5, ಐವತ್ತರ ದಶಕಕ್ಕೆ 3.5, ಅರುವತ್ತರ ದಶಕಕ್ಕೆ 4.5, ಎಪ್ಪತ್ತರ ದಶಕಕ್ಕೆ 6.5 ಮೇಲಿನ ಮಿತಿ. ಎಪ್ಪತ್ತೈದರ ಅಜ್ಜನಿಗೆ ಬಂದ 5, ನಲುವತ್ತೈದರ ಮಗನಿಗೆ ಬಂದ 5 ಒಂದೇ ಅಲ್ಲ.

ಇಳಿದದ್ದೆಲ್ಲ ಕ್ಷೇಮವಲ್ಲ

ನಾವು ಎಡವಿದ್ದು ಇಲ್ಲಿ. ಗ್ರಂಥಿಯ ಊತಕ್ಕೆ ಕೊಡುವ ಗುಳಿಗೆಗಳಲ್ಲಿ ಎರಡು ಜಾತಿ. ಟ್ಯಾಮ್ಸುಲೋಸಿನ್ ಮೊದಲಾದವು ನಾಳದ ಸುತ್ತಲಿನ ಬಿಗಿತವನ್ನು ಸಡಿಲಿಸುತ್ತವೆ; ಇವುಗಳಿಂದ ಅಂಕಿ ಬದಲಾಗುವುದಿಲ್ಲ. ಫಿನಾಸ್ಟೆರೈಡ್, ಡುಟಾಸ್ಟೆರೈಡ್ ಎಂಬವು ಗ್ರಂಥಿಯನ್ನೇ ಕುಗ್ಗಿಸುತ್ತವೆ. ಇವನ್ನು ಆರು ತಿಂಗಳು ತಿಂದರೆ ಪಿ.ಎಸ್.ಎ. ಅಂಕಿ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಆದರೆ ಅರ್ಬುದವಿದ್ದರೆ ಅದು ಅಲ್ಲಿಯೇ ಇರುತ್ತದೆ. ಆದುದರಿಂದ ಅಂಥವರ ಅಂಕಿಯನ್ನು ಇಮ್ಮಡಿಸಿ ಓದಬೇಕು. ಗುಳಿಗೆ ತಿನ್ನುತ್ತಿರುವಾಗಲೇ ಅಂಕಿ ಏರಲು ತೊಡಗಿದರೆ ಹೆಚ್ಚು ಎಚ್ಚರ ಬೇಕು. ಎರಡು ಜಾತಿಯ ಮದ್ದುಗಳನ್ನೂ ಒಂದೇ ಗುಳಿಗೆಯಲ್ಲಿ ಸೇರಿಸಿ ಮಾರುವುದುಂಟು. ಆದ್ದರಿಂದ ಸ್ಟ್ರಿಪ್ಪಿನ ಮೇಲಿನ ದೊಡ್ಡ ಹೆಸರನ್ನು ಮಾತ್ರವಲ್ಲ, ಅಡಿಯ ಸಣ್ಣ ಅಕ್ಷರಗಳನ್ನೂ ಓದಬೇಕು. ರಕ್ತ ಪರೀಕ್ಷೆಯ ಯಂತ್ರಕ್ಕೆ ನಾವು ಯಾವ ಗುಳಿಗೆ ತಿನ್ನುತ್ತೇವೆಂದು ಗೊತ್ತಿಲ್ಲ. ಅದು ಎಲ್ಲರಿಗೂ "0ಯಿಂದ 4" ಎಂದೇ ಮುದ್ರಿಸುತ್ತದೆ.

ಗುಳಿಗೆ ತಿನ್ನದವರಿಗೂ 4 ಎಂಬುದು ಲಕ್ಷ್ಮಣರೇಖೆಯಲ್ಲ. ಅಮೆರಿಕದಲ್ಲಿ ನಡೆದು 2004ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಏಳು ವರ್ಷ ಕಾಲ ಅಂಕಿ ಒಮ್ಮೆಯೂ 4ನ್ನು ದಾಟದ 2,950 ಮಂದಿಯ ಗ್ರಂಥಿಯ ಚೂರು ತೆಗೆದು ನೋಡಿದರು. 449 ಮಂದಿಗೆ ಅರ್ಬುದವಿತ್ತು, ಎಂದರೆ ನೂರಕ್ಕೆ ಸುಮಾರು 15. ಅವುಗಳಲ್ಲಿ ಹೆಚ್ಚಿನವು ಉಗ್ರವಲ್ಲದವು ಎಂಬುದು ಸಮಾಧಾನದ ಮಾತು. ಆದರೆ ಅಂಕಿ ಮಿತಿಯೊಳಗಿದೆ ಎಂಬುದು ಖುಲಾಸೆಯ ತೀರ್ಪಲ್ಲ ಎಂಬುದು ಇದರಿಂದ ಸಿದ್ಧವಾಗುತ್ತದೆ.

ಅಂಕಿಯ ನಂತರ ಏನು?

ಅಂಕಿ ಏರಿದೆಯೆಂದರೆ ಮೊದಲು ಮಾಡಬೇಕಾದದ್ದು ಕೆಲವು ವಾರ ಕಾದು ಪುನಃ ಪರೀಕ್ಷಿಸುವುದು. ಜೊತೆಗೆ ಮೂತ್ರದ ಪರೀಕ್ಷೆ, ವೈದ್ಯರ ಬೆರಳಿನ ಪರೀಕ್ಷೆ. ಈ ಕೊನೆಯದಕ್ಕೆ ನಮ್ಮವರು ಬಹಳ ನಾಚುತ್ತಾರೆ. ಆದರೆ ಗ್ರಂಥಿ ಕಲ್ಲಿನಂತೆ ಗಟ್ಟಿಯಾಗಿದೆಯೇ, ಗಂಟು ಇದೆಯೇ ಎಂದು ಅರ್ಧ ನಿಮಿಷದಲ್ಲಿ ತಿಳಿಯುವ ಉಪಾಯವಿದು. ರಕ್ತದ ಅಂಕಿ ಸರಿಯಿದ್ದಾಗಲೂ ಕೆಲವರಲ್ಲಿ ರೋಗವನ್ನು ಹಿಡಿದು ಕೊಟ್ಟದ್ದುಂಟು.

ಪಿ.ಎಸ್.ಎ. ರಕ್ತದಲ್ಲಿ ಎರಡು ರೂಪದಲ್ಲಿ ಸಂಚರಿಸುತ್ತದೆ. ಸ್ವಲ್ಪ ಪಾಲು ಬಿಡಿಯಾಗಿ, ಉಳಿದದ್ದು ಬೇರೆ ಪ್ರೋಟೀನುಗಳಿಗೆ ಅಂಟಿಕೊಂಡು. ಅಂಕಿ 4ರಿಂದ 10ರ ನಡುವೆ ಇರುವಾಗ ಬಿಡಿಯ ಪಾಲು ನೂರಕ್ಕೆ 25ಕ್ಕಿಂತ ಮೇಲಿದ್ದರೆ ಊತವೇ ಕಾರಣವಿರಬಹುದೆಂದೂ, 10ಕ್ಕಿಂತ ಕೆಳಗಿದ್ದರೆ ಸಂಶಯ ಹೆಚ್ಚೆಂದೂ ವೈದ್ಯರು ಎಣಿಸುತ್ತಾರೆ. ಸಂಶಯ ಉಳಿದರೆ ಈಗ ಮೊದಲಿಗೆ ಎಂ.ಆರ್.ಐ. ಚಿತ್ರ ತೆಗೆಯುತ್ತಾರೆ. ಬ್ರಿಟನ್ನಿನಲ್ಲಿ ಸಿದ್ಧಪಡಿಸಿ 2017 ಮತ್ತು 2018ರಲ್ಲಿ ಪ್ರಕಟಿಸಿದ ಎರಡು ಅಧ್ಯಯನಗಳು ಈ ಕ್ರಮಕ್ಕೆ ಬಲ ಕೊಟ್ಟವು. ಚಿತ್ರದಲ್ಲಿ ಏನೂ ಕಾಣದಿದ್ದರೆ ಅನೇಕರಿಗೆ ಸೂಜಿಯ ಪರೀಕ್ಷೆ ತಪ್ಪುತ್ತದೆ. ಕಂಡರೆ ಸೂಜಿಯನ್ನು ಎಲ್ಲಿಗೆ ಹಾಕಬೇಕೆಂದು ತಿಳಿಯುತ್ತದೆ.

ಕೊನೆಯ ತೀರ್ಮಾನ ಬಯಾಪ್ಸಿಯದು. ಗ್ರಂಥಿಯಿಂದ ಸಾಮಾನ್ಯವಾಗಿ ಹತ್ತು ಹನ್ನೆರಡು ಎಳೆಗಳಷ್ಟು ಸಣ್ಣ ಚೂರುಗಳನ್ನು ತೆಗೆದು ಸೂಕ್ಷ್ಮದರ್ಶಕದಡಿ ನೋಡುತ್ತಾರೆ. ಅರ್ಬುದವಿದ್ದರೆ ಅದರ ಉಗ್ರತೆಗೆ ಗ್ಲೀಸನ್ ಎಂಬ ವೈದ್ಯರ ಹೆಸರಿನ ಅಂಕ ಕೊಡುತ್ತಾರೆ. 6 ಎಂದರೆ ಸೌಮ್ಯ, 8ರಿಂದ 10 ಎಂದರೆ ಉಗ್ರ. ಸೌಮ್ಯವಾದದ್ದಕ್ಕೆ ಕೂಡಲೇ ಶಸ್ತ್ರಕ್ರಿಯೆ ಬೇಕೆಂದಿಲ್ಲ. ಆಗಾಗ ರಕ್ತ ಪರೀಕ್ಷೆ ಮಾಡಿಸುತ್ತ, ಅಗತ್ಯ ಬಿದ್ದಾಗ ಚಿತ್ರ ತೆಗೆಸುತ್ತ ಕಾಯಬಹುದು. ಗ್ರಂಥಿಯೊಳಗೇ ಅರ್ಬುದವಿದ್ದ 1,643 ಮಂದಿ ಬ್ರಿಟನ್ನಿನ ಒಂದು ಅಧ್ಯಯನದಲ್ಲಿ ಭಾಗವಹಿಸಿದ್ದರು. ಕೆಲವರಿಗೆ ಶಸ್ತ್ರಕ್ರಿಯೆ, ಕೆಲವರಿಗೆ ವಿಕಿರಣ, ಉಳಿದವರ ಮೇಲೆ ಬರಿಯ ನಿಗಾ. 2023ರಲ್ಲಿ ಪ್ರಕಟವಾದ ಹದಿನೈದು ವರ್ಷಗಳ ಲೆಕ್ಕದಂತೆ, ಮೂರೂ ಗುಂಪುಗಳಲ್ಲಿ ಈ ರೋಗದಿಂದ ಸತ್ತವರು ನೂರಕ್ಕೆ ಮೂವರ ಆಸುಪಾಸು ಮಾತ್ರ.

ಎಲ್ಲರೂ ಮಾಡಿಸಿಕೊಳ್ಳಬೇಕೆ?

ಈ ಪ್ರಶ್ನೆಯ ಮೇಲೆ ವಿದ್ವಾಂಸರಲ್ಲೇ ದೊಡ್ಡ ಚರ್ಚೆ ನಡೆದಿದೆ. 1970ರಲ್ಲಿ ಈ ಗ್ರಂಥಿಯ ಆಂಟಿಜನ್‌ಗಳ ಬಗ್ಗೆ ಬರೆದ ರಿಚರ್ಡ್ ಆಬ್ಲಿನ್ ಅವರೇ, ಪರೀಕ್ಷೆಯನ್ನು ಕಂಡಕಂಡವರಿಗೆಲ್ಲ ಮಾಡಿಸುವುದು ತಪ್ಪೆಂದು 2010ರಲ್ಲಿ ಪತ್ರಿಕೆಯಲ್ಲಿ ಬರೆದರು. ಯಾಕೆಂದರೆ ಜೀವಮಾನವಿಡೀ ತೊಂದರೆ ಕೊಡದಿರುವ ಅರ್ಬುದಗಳೂ ಪತ್ತೆಯಾಗುತ್ತವೆ. ಅವಕ್ಕೂ ಶಸ್ತ್ರಕ್ರಿಯೆ ಮಾಡಿದರೆ ಮೂತ್ರದ ಹಿಡಿತ ತಪ್ಪುವುದು, ದಾಂಪತ್ಯ ಸುಖಕ್ಕೆ ಭಂಗ ಬರುವುದು ಮುಂತಾದ ಕಷ್ಟಗಳು ಉಳಿದುಬಿಡುತ್ತವೆ. ಅಮೆರಿಕದ ಸಲಹಾ ಮಂಡಳಿಯು 2012ರಲ್ಲಿ ಎಲ್ಲರಿಗೂ ಈ ತಪಾಸಣೆ ಬೇಡವೆಂದಿತು. 2018ರಲ್ಲಿ ನಿಲುವು ಬದಲಿಸಿ, 55ರಿಂದ 69 ವರ್ಷದವರು ವೈದ್ಯರೊಡನೆ ಲಾಭನಷ್ಟ ಚರ್ಚಿಸಿ ತಾವೇ ನಿರ್ಧರಿಸಲಿ, 70 ದಾಟಿದವರಿಗೆ ಬೇಡ ಎಂದಿತು. ಇದು ತೊಂದರೆಯಿಲ್ಲದವರ ತಪಾಸಣೆಯ ಮಾತು. ಲಕ್ಷಣವಿದ್ದವರಿಗೆ ಯಾವ ಪ್ರಾಯದಲ್ಲೂ ವೈದ್ಯರು ಪರೀಕ್ಷೆ ಹೇಳಬಹುದು.

ಇನ್ನೊಂದು ಪಕ್ಷವೂ ಇದೆ. ಯೂರೋಪಿನ ಎಂಟು ದೇಶಗಳಲ್ಲಿ ನಡೆದ ದೊಡ್ಡ ಅಧ್ಯಯನದ 23 ವರ್ಷಗಳ ಫಲಿತಾಂಶ 2025ರಲ್ಲಿ ಹೊರಬಂತು. ಪರೀಕ್ಷೆಗೆ ಕರೆಸಿಕೊಂಡ ಗುಂಪಿನಲ್ಲಿ ಈ ಅರ್ಬುದದ ಸಾವುಗಳು ನೂರಕ್ಕೆ 13ರಷ್ಟು ಕಡಿಮೆ. 456 ಮಂದಿಯನ್ನು ಪರೀಕ್ಷೆಗೆ ಕರೆದರೆ ಒಬ್ಬರ ಸಾವು ತಪ್ಪುತ್ತದೆ ಎಂದು ಲೆಕ್ಕ. ಲಾಭ ಇದೆ, ಆದರೆ ಅದು ದೊಡ್ಡ ಲಾಭವೆಂದು ಡಂಗುರ ಸಾರುವಷ್ಟಲ್ಲ.

ನಮ್ಮ ದೇಶದ ಸರಕಾರಿ ತಪಾಸಣಾ ಕಾರ್ಯಕ್ರಮದಲ್ಲಿ ಬಾಯಿ, ಸ್ತನ ಮತ್ತು ಗರ್ಭಕಂಠದ ಅರ್ಬುದಗಳಿವೆ, ಪ್ರಾಸ್ಟೇಟ್ ಸೇರಿಲ್ಲ. ಆದ್ದರಿಂದ ಯಾರೂ ಮನೆಗೆ ಬಂದು ಕರೆಯುವುದಿಲ್ಲ; ನಾವೇ ಕೇಳಬೇಕು. ತಂದೆಗೋ ಅಣ್ಣತಮ್ಮಂದಿರಿಗೋ ಈ ರೋಗ ಬಂದಿದ್ದರೆ ಅಪಾಯ ಸುಮಾರು ಇಮ್ಮಡಿ. ಅಂಥವರು ನಲುವತ್ತೈದರ ಸುಮಾರಿಗೇ ವೈದ್ಯರೊಡನೆ ಮಾತಾಡುವುದು ಒಳಿತು.

ಮನೆಯವರು ಮಾಡಬೇಕಾದದ್ದು

ನಮ್ಮ ಹಿರಿಯರು ಮನೆಯಲ್ಲಿ ಕನ್ನಡವನ್ನೋ ತುಳುವನ್ನೋ ಆಡುತ್ತಾರೆ. ಪೇಟೆಯಲ್ಲಿ ಮಲಯಾಳದಲ್ಲಿ ವ್ಯವಹಾರ ಮಾಡುತ್ತಾರೆ. ಆದರೆ ತೆಂಗಿನಕಾಯಿಯ ಕ್ರಯ ಕೇಳುವಷ್ಟು ಭಾಷೆ, ಮೂತ್ರದ ಸಂಕಟವನ್ನು ಬಿಡಿಸಿ ಹೇಳಲು ಸಾಲದು. ಅಪರಿಚಿತರ ಮುಂದೆ, ಅರೆಬರೆ ಬರುವ ಭಾಷೆಯಲ್ಲಿ, ನಾಚಿಕೆಯ ವಿಷಯ ಹೇಳಬೇಕೆಂದರೆ "ಏನಿಲ್ಲ, ಸರಿ ಉಂಟು" ಎಂಬ ಉತ್ತರವೇ ಸುಲಭ. ಇದರಲ್ಲಿ ಡಾಕ್ಟರದೂ ತಪ್ಪಿಲ್ಲ, ಹಿರಿಯರದೂ ತಪ್ಪಿಲ್ಲ. ಜೊತೆಗೆ ಹೋಗುವವರು ಇದನ್ನು ತಿಳಿದಿರಬೇಕು.

ಮಗನೋ ಅಳಿಯನೋ ಒಬ್ಬರು ಜೊತೆಗೆ ಹೋಗಲಿ. ತಿನ್ನುವ ಎಲ್ಲ ಗುಳಿಗೆಗಳ ಸ್ಟ್ರಿಪ್ಪುಗಳನ್ನು ಒಂದು ಚೀಲದಲ್ಲಿ ಹಾಕಿ ಕೊಂಡುಹೋಗಲಿ. ಪಂಡಿತರ ಮದ್ದಿದ್ದರೆ ಅದನ್ನೂ. ಹಿಂದಿನ ರಿಪೋರ್ಟುಗಳನ್ನು ಎಸೆಯಬಾರದು. ಹಳೆಯ ನೋಟುಪುಸ್ತಕದ ಒಂದು ಹಾಳೆಯಲ್ಲಿ ತಾರೀಕು, ಅಂಕಿ, ಆಗ ಜ್ವರವಿತ್ತೇ, ಟ್ಯೂಬ್ ಹಾಕಿತ್ತೇ, ಯಾವ ಗುಳಿಗೆ ನಡೆಯುತ್ತಿತ್ತು ಎಂದು ಕನ್ನಡದಲ್ಲೇ ಬರೆದಿಡಿ. ಒಂದು ಅಂಕಿಗಿಂತ ನಾಲ್ಕು ವರ್ಷಗಳ ನಾಲ್ಕು ಅಂಕಿಗಳು ಡಾಕ್ಟರಿಗೆ ಹೆಚ್ಚು ಹೇಳುತ್ತವೆ. ಸಾಧ್ಯವಾದರೆ ಪ್ರತಿ ಸಲವೂ ಒಂದೇ ಲ್ಯಾಬಿನಲ್ಲಿ ಪರೀಕ್ಷಿಸಿ. ಲ್ಯಾಬಿನಿಂದ ಲ್ಯಾಬಿಗೆ ಅಳತೆ ಸ್ವಲ್ಪ ಬದಲಾಗಬಹುದು. ಡಾಕ್ಟರು ಹೇಳಿದ್ದು ತಿಳಿಯದಿದ್ದರೆ ಇನ್ನೊಮ್ಮೆ ಕೇಳಲು ಸಂಕೋಚ ಬೇಡ. ಕಂಗಳಿಗೆ ಕಾಣದ ಊರಿಗೆ ಹೋಗುವವನು ದಾರಿ ಕೇಳುವುದು ಅವಮಾನವಲ್ಲ.

ಮೂತ್ರದಲ್ಲಿ ರಕ್ತ, ಕಾರಣವಿಲ್ಲದೆ ವಾರಗಟ್ಟಲೆ ಉಳಿಯುವ ಸೊಂಟ ಬೆನ್ನುಗಳ ನೋವು, ತೂಕ ಇಳಿಯುವುದು ಕಂಡರೆ ಎಣ್ಣೆ ಕಷಾಯಗಳಲ್ಲಿ ಕಾಲ ಕಳೆಯದೆ ವೈದ್ಯರ ಬಳಿಗೆ ಹೋಗಬೇಕು. ಕಾಲುಗಳಲ್ಲಿ ಬಲ ಕುಂದಿದರೆ ಅದೇ ದಿನ ಆಸ್ಪತ್ರೆ ಸೇರಬೇಕು.

ನಮ್ಮ ನೆರೆಯ ಆ ಹಿರಿಯರು ಈಗ ಮೂರು ತಿಂಗಳಿಗೊಮ್ಮೆ ಇಂಜೆಕ್ಷನ್ ತೆಗೆದುಕೊಳ್ಳುತ್ತಾರೆ. ನೋವು ಇಳಿದಿದೆ, ಅಂಕಿಯೂ ಇಳಿದಿದೆ. ಮೊನ್ನೆ ಅವರ ಕಿರಿಯ ತಮ್ಮ ಒಂದು ರಿಪೋರ್ಟು ಹಿಡಿದು ನಮ್ಮ ಜಗಲಿಗೆ ಬಂದರು. ಅಂಕಿ 2.1, ನಕ್ಷತ್ರವಿಲ್ಲ. ನಾವು "ಸರಿ ಉಂಟು" ಎನ್ನಲಿಲ್ಲ. "ಯಾವ ಗುಳಿಗೆ ತಿನ್ನುತ್ತೀರಿ?" ಎಂದು ಕೇಳಿದೆವು. ಆಮೇಲೆ, "ಅಣ್ಣನ ವಿಷಯವನ್ನೂ ಹೇಳಿ ಇದನ್ನು ಡಾಕ್ಟರಿಗೇ ತೋರಿಸಿ" ಎಂದು ಹೇಳಿ ಕಳುಹಿಸಿದೆವು.